ಮೊದಲ ಗುದ್ದು ಯಾರದು?

ಕಾಂಬೋಡಿಯಾ ‘ನಮ್ಮದು’ ಎನ್ನುತ್ತದೆ. ಥಾಯ್ಲೆಂಡ್ ‘ನಮ್ಮದೇ’ ಎನ್ನುತ್ತದೆ. ‘ಎಲ್ಲವೂ ಇಲ್ಲಿಂದಲೇ ಹೋದದ್ದು’ ಎನ್ನುವವರು ನಮ್ಮಲ್ಲೂ ಕಡಿಮೆಯಿಲ್ಲ. ಆಗ್ನೇಯ ಏಷ್ಯಾದ ಕಿಕ್‌ಬಾಕ್ಸಿಂಗ್‌ ಮೂಲದ ಜಗಳವನ್ನು ಮೈಸೂರಿನ ವಜ್ರಮುಷ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಪುರಾವೆ ಎಷ್ಟು, ಅಭಿಮಾನ ಎಷ್ಟು?

ವಿಜಯದಶಮಿಯ ಬೆಳಿಗ್ಗೆ, ಮೈಸೂರು ಅರಮನೆಯ ಸವಾರಿ ತೊಟ್ಟಿ. ಅಂಗಳದ ನಡುವೆ ಹದ ಮಾಡಿದ ಕೆಮ್ಮಣ್ಣಿನ ಅಖಾಡ. ತಲೆ ನುಣ್ಣಗೆ ಬೋಳಿಸಿಕೊಂಡ ಜೆಟ್ಟಿಗಳು ಕಾಸೆ ಬಿಗಿದು ಎದುರುಬದುರು ನಿಂತಿದ್ದಾರೆ. ಬಲಗೈ ಬೆರಳ ಗೆಣ್ಣುಗಳ ಮೇಲೆ ಮೊನೆಮೊನೆಯಾದ ವಜ್ರನಖ. ಮುಷ್ಟಿ ಬಿಗಿದರೆ ಮೊನೆಗಳು ಹೊರಚಾಚುತ್ತವೆ.

ಸನ್ನೆ ಸಿಕ್ಕಿದ್ದೇ ತಡ, ಒಬ್ಬರ ಮೇಲೊಬ್ಬರು ಎರಗುತ್ತಾರೆ. ಎಡಗೈ ತಡೆಯುವುದಕ್ಕೆ, ಬಲಗೈ ಹೊಡೆಯುವುದಕ್ಕೆ, ಎದುರಾಳಿಯ ಬೋಳುನೆತ್ತಿಯೇ ಗುರಿ. ನೆತ್ತಿಯಿಂದ ಒಂದು ಹನಿ ರಕ್ತ ಇಳಿದರೆ ಹಿರಿಯರು ನಡುವೆ ಬಂದು ಇಬ್ಬರನ್ನೂ ಬಿಡಿಸುತ್ತಾರೆ. ಎಷ್ಟೋ ವರ್ಷ ಇದೆಲ್ಲ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಕಣ್ಣು ಮಿಟುಕಿಸಿದವರಿಗೆ ಕಾಳಗ ಕಾಣಿಸುವುದೇ ಇಲ್ಲ.

ರಕ್ತ ಕಂಡ ಮೇಲೆಯೇ ರಾಜವಂಶಸ್ಥರ ವಿಜಯಯಾತ್ರೆ ಭುವನೇಶ್ವರಿ ಗುಡಿಯ ಬನ್ನಿಮರದತ್ತ ಹೊರಡುವುದು. ಜೋಡಿಗಳು ಬರುವುದು ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರಿನ ಜೆಟ್ಟಿ ಮನೆತನಗಳಿಂದ. ಅಂಕಗಳಿಲ್ಲ, ಸುತ್ತುಗಳಿಲ್ಲ, ಪದಕವೂ ಇಲ್ಲ.

ಪದಕ ಇಲ್ಲದ್ದರಿಂದಲೋ ಏನೋ, ಇದು ಯಾರದು ಎಂಬ ಜಗಳವೂ ಇಲ್ಲ. ಮೈಸೂರಿನಿಂದ ಪೂರ್ವಕ್ಕೆ, ಬಂಗಾಳ ಕೊಲ್ಲಿಯ ಆಚೆ, ಮುಷ್ಟಿಯ ಜೊತೆ ಮೊಣಕೈ, ಮಂಡಿ, ಕಾಲುಗಳನ್ನೂ ಬಳಸುವ ಕಾಳಗದ ವಿಷಯದಲ್ಲಿ ಮಾತ್ರ ದೇಶದೇಶಗಳೇ ಕಾದಾಡುತ್ತಿವೆ.

ಒಂದು ಹೆಸರಿಗಾಗಿ ಬಹಿಷ್ಕಾರ

2023ರ ಮೇ ತಿಂಗಳು. ಆಗ್ನೇಯ ಏಷ್ಯಾ ಕ್ರೀಡಾಕೂಟವನ್ನು ನಡೆಸುವ ಅವಕಾಶ ಮೊದಲ ಬಾರಿಗೆ ಕಾಂಬೋಡಿಯಾಕ್ಕೆ ಸಿಕ್ಕಿತ್ತು. ಹಿಂದಿನ ಕೂಟಗಳಲ್ಲಿ ‘ಮುಯ್’ ಅಥವಾ ‘ಮುಯ್ ಥಾಯ್’ ಎಂದು ನಡೆಯುತ್ತಿದ್ದ ಸ್ಪರ್ಧೆಯನ್ನು ಆತಿಥೇಯರು ‘ಕುನ್ ಖ್ಮೇರ್’ ಎಂಬ ಹೆಸರಿನಲ್ಲಿ ಪಟ್ಟಿಗೆ ಸೇರಿಸಿದರು.

ಥಾಯ್ಲೆಂಡ್ ಕೆರಳಿತು. ಆ ಸ್ಪರ್ಧೆಗೆ ಒಬ್ಬ ಆಟಗಾರನನ್ನೂ ಕಳಿಸಲಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಪಡೆದಿದ್ದ ಮುಯ್ ಥಾಯ್ ಒಕ್ಕೂಟವೂ ಕಾಂಬೋಡಿಯಾದ ವಿರುದ್ಧ ನಿಂತಿತು. ಇತ್ತ ನೋಮ್ ಪೆನ್‌ನಲ್ಲಿ ಜನ ಇದನ್ನು ಬಹುಕಾಲದಿಂದ ಬಾಕಿಯಿದ್ದ ನ್ಯಾಯವೆಂದು ಸಂಭ್ರಮಿಸಿದರು.

ಕಿಡಿ ಹಳೆಯದು. 1995ರಲ್ಲೇ ಕಾಂಬೋಡಿಯಾ ಒಂದು ರಾಜಿಸೂತ್ರ ಮುಂದಿಟ್ಟಿತ್ತು: ಯಾವ ದೇಶದ ಹೆಸರೂ ಬೇಡ, ‘ಸುವರ್ಣಭೂಮಿ ಬಾಕ್ಸಿಂಗ್’ ಎನ್ನೋಣ. ಅವರವರ ಕಲೆಯನ್ನು ಅವರವರು ಬೆಳೆಸಿಕೊಳ್ಳಲಿ ಎಂದು ಥಾಯ್ಲೆಂಡ್ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಮುಯ್ ಥಾಯ್ ಜಗತ್ತಿನಾದ್ಯಂತ ಹೆಸರು ಮಾಡಿಯಾಗಿತ್ತು. ಗೆದ್ದ ಹೆಸರನ್ನು ಹಂಚಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ?

ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮಂಡಿ, ಎರಡು ಕಣಕಾಲು, ಹೀಗೆ ಎಂಟು ಅಂಗಗಳ ಕಾಳಗ. ಕಾಳಗಕ್ಕೆ ಮುನ್ನ ಗುರುವಂದನೆಯ ನಿಧಾನ ಕುಣಿತ. ಹಿನ್ನೆಲೆಯಲ್ಲಿ ಊದುವ ವಾದ್ಯ, ಡೋಲು, ತಾಳ. ಏಟು ಜೋರಾದಂತೆ ತಾಳವೂ ಜೋರಾಗುತ್ತದೆ.

ಮ್ಯಾನ್ಮಾರ್, ಲಾವೋಸ್, ಉತ್ತರ ಮಲೇಷ್ಯಾಗಳಲ್ಲೂ ಇದರ ಒಡಹುಟ್ಟುಗಳಿವೆ. ಠಾಣೆಯ ನೌಪಾಡಾದಿಂದ ಡೊಂಬಿವಲಿ, ನವಿ ಮುಂಬೈವರೆಗೆ ಜಿಮ್‌ಗಳ ಫಲಕದ ಮೇಲೆ ಕಾಣುವ ಹೆಸರು ಮಾತ್ರ ಸಾಮಾನ್ಯವಾಗಿ ಎರಡೇ: ಮುಯ್ ಥಾಯ್, ಇಲ್ಲವೇ ಕಿಕ್‌ಬಾಕ್ಸಿಂಗ್. ಮಾರುಕಟ್ಟೆಯಲ್ಲಿ ತೀರ್ಪು ಆಗಿಹೋಗಿದೆ. ಇತಿಹಾಸದಲ್ಲಿ ಆಗಿಲ್ಲ.

■ ಯಾವ ದೇಶ, ಯಾವ ಹೆಸರು?
ಮುಯ್ ಥಾಯ್ (ಥಾಯ್ಲೆಂಡ್): ಎಂಟು ಅಂಗಗಳ ಬಳಕೆ, ಐದು ಸುತ್ತು, ಗ್ಲೌಸ್ ಕಡ್ಡಾಯ.
ಕುನ್ ಖ್ಮೇರ್ (ಕಾಂಬೋಡಿಯಾ): ಬಹುಕಾಲ ‘ಪ್ರಡಾಲ್ ಸೆರೈ’ ಎಂದೇ ಪರಿಚಿತ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ನಿಂತುಹೋಗಿ ಆಮೇಲೆ ಮರುಹುಟ್ಟು ಪಡೆಯಿತು.
ಲೆತ್ವೇ (ಮ್ಯಾನ್ಮಾರ್): ಗ್ಲೌಸ್ ಇಲ್ಲ, ಕೈಗೆ ಬಟ್ಟೆ ಸುತ್ತಿದರೆ ಸಾಕು. ತಲೆಯಿಂದ ಗುಮ್ಮಲೂ ಅವಕಾಶವಿರುವುದರಿಂದ ಒಂಬತ್ತನೆಯ ಅಂಗ. ಹಳೆಯ ಪದ್ಧತಿಯಲ್ಲಿ ಅಂಕಗಳಿಲ್ಲ, ಕೊನೆಯವರೆಗೆ ಇಬ್ಬರೂ ನಿಂತಿದ್ದರೆ ಪಂದ್ಯ ಡ್ರಾ.
ಮುಯ್ ಲಾವ್ (ಲಾವೋಸ್), ತೊಮೊಯ್ (ಉತ್ತರ ಮಲೇಷ್ಯಾ): ಹೊರಗಿನ ಪ್ರಚಾರ ಕಡಿಮೆ, ಕಾಳಗದ ರೀತಿ ಬಹುಪಾಲು ಅದೇ.

ಕಲ್ಲಿನ ಸಾಕ್ಷಿ, ಕಥೆಯ ಸಾಕ್ಷಿ

ಕಾಂಬೋಡಿಯಾದ ವಾದಕ್ಕೆ ಆಧಾರ ಕಲ್ಲು. ಅಂಗ್ಕೋರ್‌ನ ಬಯೋನ್ ದೇಗುಲ ಏಳನೆಯ ಜಯವರ್ಮನ ಕಾಲದ್ದು, ಹನ್ನೆರಡನೆಯ ಶತಮಾನದ ಕೊನೆಗೆ ಎದ್ದದ್ದು. ಅದರ ಹೊರಗಿನ ಗೋಡೆಯುದ್ದಕ್ಕೂ ಅಂದಿನ ಬದುಕು: ಕೋಳಿ ಅಂಕ, ಹಂದಿ ಕಾಳಗ, ಸಂತೆ, ಅಡುಗೆ, ನಡುವೆ ಕಾದಾಡುವ ಜಟ್ಟಿಗಳು. ಥಾಯ್ ರಾಜ್ಯಗಳು ತಲೆಯೆತ್ತಿದ್ದು ಹದಿಮೂರನೆಯ ಶತಮಾನದಲ್ಲಿ, ಹಾಗಾಗಿ ಕಲೆ ಖ್ಮೇರರದು ಎಂಬುದು ತರ್ಕ.

ತರ್ಕ ಬಿಗಿಯಾಗಿ ಕಾಣುತ್ತದೆ, ಆದರೆ ಕಲ್ಲು ಹೇಳುವುದು ಕಡಿಮೆ. ಇಬ್ಬರು ಕೈಕೈ ಮಿಲಾಯಿಸಿದ ಒಂದು ಕ್ಷಣ ಅಲ್ಲಿದೆ. ಅದರ ಹೆಸರೇನು, ನಿಯಮವೇನು, ಯಾವ ಏಟಿಗೆ ಅವಕಾಶ, ಸೋಲು ಎಂದರೇನು? ಒಂದೂ ಗೊತ್ತಿಲ್ಲ. ಹಳೇಬೀಡಿನಲ್ಲೂ ಹಂಪಿಯ ಮಹಾನವಮಿ ದಿಬ್ಬದಲ್ಲೂ ಮಲ್ಲರ ಶಿಲ್ಪಗಳಿವೆ. ಅವುಗಳನ್ನು ತೋರಿಸಿ ಕುಸ್ತಿ ಹುಟ್ಟಿದ್ದೇ ಹೊಯ್ಸಳರಿಂದ ಎಂದರೆ ಗರಡಿಯ ಹುಡುಗರೇ ನಕ್ಕಾರು.

ಥಾಯ್ಲೆಂಡ್‌ನ ವಾದಕ್ಕೆ ಆಧಾರ ಕಥೆ. 1767ರಲ್ಲಿ ಬರ್ಮಾದ ಸೇನೆ ಅಯುತ್ಥಯಾ ನಗರವನ್ನು ಸುಟ್ಟು ಸಾವಿರಾರು ಜನರನ್ನು ಸೆರೆ ಒಯ್ದಿತು. ಅವರಲ್ಲಿ ನಾಯ್ ಖನೋಮ್ ತೋಮ್ ಎಂಬ ಜಟ್ಟಿಯೂ ಇದ್ದ. 1774ರಲ್ಲಿ ರಂಗೂನಿನ ಉತ್ಸವದಲ್ಲಿ, ದೊರೆ ಸಿನ್‌ಬ್ಯೂಶಿನ್‌ನ ಎದುರು, ಬರ್ಮಾದ ಹತ್ತು ಜಟ್ಟಿಗಳನ್ನು ಒಬ್ಬೊಬ್ಬರಂತೆ ಕೆಡವಿ ಬಿಡುಗಡೆ ಗಿಟ್ಟಿಸಿಕೊಂಡನಂತೆ. ಮಾರ್ಚ್ 17 ಇಂದಿಗೂ ಥಾಯ್ ಜಟ್ಟಿಗಳಿಗೆ ಅವನ ದಿನ.

ಥಾಯ್ ವೃತ್ತಾಂತಗಳಲ್ಲಿ ಉಳಿದು ಬಂದ ಈ ಕಥೆಯನ್ನು ಅಕ್ಷರಶಃ ನಂಬಿದರೂ ಅದು ಥಾಯ್ ವಾದಕ್ಕೆ ಅಂಥ ಬಲ ಕೊಡುವುದಿಲ್ಲ. ಎದುರು ನಿಂತ ಹತ್ತು ಬರ್ಮೀಯರಿಗೂ ಕಾದಾಡಲು ಬರುತ್ತಿತ್ತಲ್ಲ! ಸೆರೆಯಾಳು ಗೆದ್ದ ಎಂದು ಮಾತ್ರ ಕಥೆ ಹೇಳುತ್ತದೆ. ಅವನ ಊರಿನಲ್ಲೇ ವಿದ್ಯೆ ಹುಟ್ಟಿತು ಎಂದು ಹೇಳುವುದಿಲ್ಲ.

ರಿಂಗು ಬಂದ ಮೇಲೆ

ಟಿಕೆಟ್ ಕೊಂಡು ನೋಡುವ, ಗ್ಲೌಸ್ ತೊಟ್ಟು ಹಗ್ಗದ ಚೌಕದೊಳಗೆ ಸುತ್ತು ಲೆಕ್ಕದಲ್ಲಿ ನಡೆಯುವ ಆಟಕ್ಕೆ ಖಚಿತವಾದ ಕಾಲವಿದೆ. ಅದು ಇಪ್ಪತ್ತನೆಯ ಶತಮಾನ. ಎಲ್ಲ ದೇಶಗಳಲ್ಲೂ.

ಸಯಾಮಿನ ದೊರೆ ವಜಿರಾವುಧ್ ಇಂಗ್ಲೆಂಡಿನಲ್ಲಿ ಓದಿ ಬಂದವನು. ಅವನ ಆಳ್ವಿಕೆಯಲ್ಲಿ, 1921ರ ಸುಮಾರಿಗೆ, ಬ್ಯಾಂಕಾಕ್‌ನ ಸುವಾನ್ ಕುಲಾಪ್ ಶಾಲೆಯ ಮೈದಾನದಲ್ಲಿ ಕಾಯಂ ಅಖಾಡ ಸಿದ್ಧವಾಯಿತು. ಮಣ್ಣಿನ ಅಂಗಳ ಹೋಗಿ ವೇದಿಕೆ ಬಂತು, ಹಗ್ಗದ ಬೇಲಿ ಬಂತು, ಗಡಿಯಾರ ಬಂತು.

ಗ್ಲೌಸ್ ಬಂದ ಕಥೆಯಲ್ಲಿ ಒಂದು ಸಾವಿದೆ. ಅಲ್ಲಿಯವರೆಗೆ ಥಾಯ್ ಜಟ್ಟಿಗಳು ಕೈಗೆ ಹುರಿಹಗ್ಗ ಸುತ್ತಿಕೊಂಡೇ ಕಾದುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಉತ್ತರಾದಿತ್ ಪ್ರಾಂತದ ಫೇ ಲಿಯಾಂಗ್‌ಪ್ರಸರ್ಟ್ ಎಂಬ ಜಟ್ಟಿಯ ಹಗ್ಗ ಸುತ್ತಿದ ಮುಷ್ಟಿಗೆ ಸಿಕ್ಕಿ ಎದುರಾಳಿ ಪ್ರಾಣ ಬಿಟ್ಟ. ಸತ್ತವನು ಖ್ಮೇರ್ ಜಟ್ಟಿ. ಅದರ ಬೆನ್ನಿಗೆ ಹಗ್ಗ ನಿಷೇಧವಾಗಿ ಗ್ಲೌಸ್ ಕಡ್ಡಾಯವಾಯಿತು. ಇಂದಿನ ಮುಯ್ ಥಾಯ್‌ನ ರೂಪಕ್ಕೆ ಕಾಂಬೋಡಿಯಾದವನೊಬ್ಬನ ಸಾವು ಕಾರಣವಾದದ್ದನ್ನು ಎರಡೂ ಕಡೆಯ ಅಭಿಮಾನಿಗಳು ಹೆಚ್ಚು ಎತ್ತಿ ಆಡುವುದಿಲ್ಲ.

1939ರಲ್ಲಿ ಸಯಾಂ ಥಾಯ್ಲೆಂಡ್ ಆಯಿತು. ದೇಶಕ್ಕೇ ಹೊಸ ಹೆಸರು ಬಂದ ಮೇಲೆ ಅದರ ಕಾಳಗಕ್ಕೂ ‘ಥಾಯ್’ ಎಂಬ ಮುದ್ರೆ ಗಟ್ಟಿಯಾಗಿ ಬಿತ್ತು. 1945ರಲ್ಲಿ ರಾಜದಮ್ನೆರ್ನ್ ಕ್ರೀಡಾಂಗಣ ತೆರೆಯಿತು, 1956ರಲ್ಲಿ ಲುಂಪಿನಿ. ಕಾಂಬೋಡಿಯಾದಲ್ಲಿ ಇಂಥದೇ ಬದಲಾವಣೆ ಫ್ರೆಂಚರ ಕಾಲದಲ್ಲಿ ಆಯಿತು. ಬರ್ಮಾದಲ್ಲಿ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಬಾಕ್ಸರ್ ಚಾ ಬಾ ನ್ಯೇನ್ ಲೆತ್ವೇಗೆ ಹೊಸ ನಿಯಮ ಬರೆದ.

‘ಕಿಕ್‌ಬಾಕ್ಸಿಂಗ್’ ಎಂಬ ಹೆಸರಿಗಂತೂ ಈ ಯಾವ ದೇಶವೂ ಹಕ್ಕುದಾರನಲ್ಲ. ಅದನ್ನು ಚಲಾವಣೆಗೆ ತಂದದ್ದು ಜಪಾನಿನ ಬಾಕ್ಸಿಂಗ್ ವ್ಯವಸ್ಥಾಪಕ ಒಸಾಮು ನೊಗುಚಿ. ಕರಾಟೆಯವರನ್ನು ಬ್ಯಾಂಕಾಕ್‌ಗೆ ಕರೆದೊಯ್ದು ಥಾಯ್ ಜಟ್ಟಿಗಳ ಎದುರು ಆಡಿಸಿದ್ದ ಈತ, 1966ರಲ್ಲಿ ಒಸಾಕಾದಲ್ಲಿ ಆ ಹೆಸರಿನ ಪಂದ್ಯ ಏರ್ಪಡಿಸಿದ. 1972ರಲ್ಲಿ ಬ್ಯಾಂಕಾಕ್‌ನಲ್ಲೇ ‘ಕಿಕ್‌ಬಾಕ್ಸಿಂಗ್’ ಫಲಕ ಹಾಕಿ ಜಿಮ್ ತೆರೆದಾಗ ಥಾಯ್ ಜನರ ಸಿಟ್ಟಿಗೆ ಗುರಿಯಾದ. ತಮ್ಮ ಕಲೆಯನ್ನು ಹೊರಗಿನವರು ಹೆಸರು ಬದಲಿಸಿ ಮಾರುತ್ತಿದ್ದಾರೆ ಎಂಬುದು ಥಾಯ್‌ಗಳ ಅಂದಿನ ದೂರು. ಖ್ಮೇರರು ಥಾಯ್‌ಗಳ ಮೇಲೆ ಇಂದು ಹೊರಿಸುವುದೂ ಬಹುತೇಕ ಅದನ್ನೇ.

ಹುರಿಹಗ್ಗ, ತಾಮ್ರದ ಬಳೆ, ಮೊನೆಯ ಬಳೆ

ಕಲ್ಲು, ಕಥೆಗಳಿಗಿಂತ ಹೆಚ್ಚು ನೆಚ್ಚಬಹುದಾದ ಸಾಕ್ಷಿ ಕಣ್ಣಾರೆ ಕಂಡು ಬರೆದವರದು. ಅದರಲ್ಲೂ ಯಾವ ಪಕ್ಷಕ್ಕೂ ಸೇರದ ಪರದೇಶಿಗಳದು.

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1687ರಲ್ಲಿ ಸಿಮೋನ್ ದ ಲಾ ಲೂಬೇರ್ ಎಂಬ ರಾಯಭಾರಿಯನ್ನು ಸಯಾಮಿಗೆ ಕಳಿಸಿದ. 1691ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಮುಷ್ಟಿಕಾಳಗದ ಬಗ್ಗೆ ಇರುವುದು ನಾಲ್ಕೈದು ಸಾಲು ಅಷ್ಟೇ, ಆದರೆ ಬೆಲೆಬಾಳುವ ಸಾಲುಗಳು. ಸಯಾಮಿನವರು ಮುಷ್ಟಿ ಮತ್ತು ಮೊಣಕೈಗಳಿಂದ ಕಾದುತ್ತಾರೆ, ಕೈಗೆ ಮೂರು ನಾಲ್ಕು ಸುತ್ತು ಹುರಿ ಸುತ್ತಿಕೊಳ್ಳುತ್ತಾರೆ. ಲಾವೋಸಿನವರಾದರೆ ಇಂಥ ಕಾಳಗದಲ್ಲಿ ಹುರಿಯ ಬದಲು ತಾಮ್ರದ ಬಳೆ ಹಾಕಿಕೊಳ್ಳುತ್ತಾರೆ ಎಂದು ಅವನು ಬರೆದಿದ್ದಾನೆ.

ಈಗ ನೂರೈವತ್ತು ವರ್ಷ ಹಿಂದಕ್ಕೆ, ವಿಜಯನಗರಕ್ಕೆ ಬರಬೇಕು. ಕೃಷ್ಣದೇವರಾಯನ ಕಾಲದ ಮಹಾನವಮಿ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಇಲ್ಲಿನ ಕುಸ್ತಿ ತಮ್ಮ ದೇಶದ್ದರಂತಲ್ಲ ಎಂದು ಬೆರಗಾಗಿದ್ದಾನೆ. ಹಲ್ಲು ಉದುರುವಂತೆ, ಕಣ್ಣು ಕೀಳುವಂತೆ ಗುದ್ದುತ್ತಾರೆ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎನ್ನುತ್ತಾನೆ.

ಅಚ್ಯುತರಾಯನ ಕಾಲದಲ್ಲಿ, 1535ರ ಸುಮಾರಿಗೆ ಬರೆದ ಫೆರ್ನಾವೊ ನ್ಯೂನಿಜ್ ಇನ್ನೊಂದು ಹೆಜ್ಜೆ ಹತ್ತಿರ ಹೋಗಿ ನೋಡಿದ್ದಾನೆ. ಹಬ್ಬಕ್ಕೆಂದು ರಾಯರ ಬಳಿ ಸಾವಿರ ಜಟ್ಟಿಗಳಿದ್ದಾರೆ, ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಾರೆ. ಹೆಚ್ಚು ಗಾಯಗೊಂಡವನಿಗೇ ರೇಷ್ಮೆ ವಸ್ತ್ರದ ಉಡುಗೊರೆ ಎಂದೂ ಬರೆದಿದ್ದಾನೆ. ಗೆದ್ದವನಿಗಲ್ಲ, ನೊಂದವನಿಗೆ! ನ್ಯೂನಿಜ್ ತಪ್ಪು ತಿಳಿದನೋ, ಆಸ್ಥಾನದ ಪದ್ಧತಿಯೇ ಹಾಗಿತ್ತೋ, ಓದಿದವರು ತಡೆದು ನಿಲ್ಲುವ ಜಾಗ ಅದು.

ವಿಜಯನಗರದಲ್ಲಿ ಮೊನೆಯ ಬಳೆ, ಲಾವೋಸಿನಲ್ಲಿ ತಾಮ್ರದ ಬಳೆ. ‘ನೋಡಿ, ಸಂಬಂಧ ಸಿಕ್ಕಿತು’ ಎಂದು ಹಾರಲು ಇಷ್ಟು ಸಾಕೆನಿಸುತ್ತದೆ. ಆದರೆ ಅದಕ್ಕೂ ಸಾವಿರದೈನೂರು ವರ್ಷ ಮೊದಲೇ ರೋಮಿನ ಜಟ್ಟಿಗಳು ಮುಷ್ಟಿಗೆ ಲೋಹ ಸೇರಿಸಿದ ಚರ್ಮದ ಪಟ್ಟಿ ಬಿಗಿದು ಕಾದಾಡಿದ್ದರು. ಗೆಣ್ಣು ಮೆತ್ತಗೆ, ತಲೆಬುರುಡೆ ಗಟ್ಟಿ. ಬರಿಗೈಯಲ್ಲಿ ನಾಲ್ಕು ಸಲ ಗುದ್ದಿ ನೋಡಿದವನಿಗೆ ಕೈಗೆ ಏನಾದರೂ ಸುತ್ತಿಕೊಳ್ಳಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹೋಲಿಕೆ ಕಂಡಲ್ಲೆಲ್ಲ ನಂಟು ಕಟ್ಟಲಾಗದು.

ಜೆಟ್ಟಿಗಳ ಊರು ಯಾವುದು?

ವಜ್ರಮುಷ್ಟಿಯ ವಿಷಯದಲ್ಲಿ ಪುರಾವೆಯ ಸರಪಳಿ ಇದಕ್ಕಿಂತ ಉದ್ದವಾಗಿದೆ. ವಿಜಯನಗರದ ಮಹಾನವಮಿಯನ್ನು ಮೈಸೂರು ಒಡೆಯರು ಶ್ರೀರಂಗಪಟ್ಟಣದಲ್ಲಿ 1610ರಿಂದ ಮುಂದುವರಿಸಿದರು. ಹಬ್ಬ ಅದೇ, ಗೆಣ್ಣಿನ ಮೇಲಿನ ಮೊನೆಯೂ ಅದೇ.

ಮುಂದಿನ ಕೊಂಡಿ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷ್ ನಾವಿಕ. ಅವನ ನೆನಪುಗಳು 1824ರಲ್ಲಿ ಅಚ್ಚಾದವು. ಬೋಳು ತಲೆ, ಎಣ್ಣೆ ಬಳಿದ ಮೈ, ಗಿಡ್ಡ ಚಡ್ಡಿ, ಬಲಗೈ ಬೆರಳುಗಳ ಮೇಲೆ ನಾಲ್ಕು ಉಕ್ಕಿನ ಉಗುರು: ಅವನು ಬಣ್ಣಿಸುವ ಜೆಟ್ಟಿಗಳನ್ನು ಇಂದಿನ ದಸರಾ ಛಾಯಾಚಿತ್ರದ ಪಕ್ಕ ಇಟ್ಟರೆ ಹೆಚ್ಚು ವ್ಯತ್ಯಾಸ ಕಾಣದು. ಸುಲ್ತಾನನ ಸನ್ನೆಯಾದೊಡನೆ ಕೊರಳ ಹೂಮಾಲೆಯನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗ ಶುರುಮಾಡುತ್ತಿದ್ದರಂತೆ. ಗುದ್ದಾಟ ಹಿಡಿತಕ್ಕೆ ತಿರುಗಿ ಕೈಕಾಲು ಮುರಿಯುವುದೂ ಇತ್ತಂತೆ.

ಹಾಗಾದರೆ ವಜ್ರಮುಷ್ಟಿ ಅಚ್ಚ ಕನ್ನಡ ನಾಡಿನದು ಎನ್ನೋಣವೇ? ಆಗ ಅಡ್ಡ ಬರುವವರು ಸ್ವತಃ ಜೆಟ್ಟಿಗಳು. ಅವರ ಪರಂಪರೆ ತಮ್ಮನ್ನು ಜ್ಯೇಷ್ಠಿಮಲ್ಲರು ಎಂದು ಕರೆದುಕೊಳ್ಳುತ್ತದೆ. ಕುಲದೇವತೆ ನಿಂಬಜಾದೇವಿ. ಮೂಲ ಊರು ಸೂರ್ಯ ದೇಗುಲದ ಮೊಢೇರಾ, ಗುಜರಾತ್.

ಆ ಸಮುದಾಯದ್ದೇ ಒಂದು ‘ಮಲ್ಲಪುರಾಣ’ವಿದೆ. ಹಸ್ತಪ್ರತಿಗಳನ್ನು ಪರಿಷ್ಕರಿಸಿ ಬಿ.ಜೆ. ಸಾಂಡೇಸರಾ ಮತ್ತು ಆರ್.ಎನ್. ಮೆಹ್ತಾ 1964ರಲ್ಲಿ ಬರೋಡಾದಿಂದ ಪ್ರಕಟಿಸಿದರು. ಕೃಷ್ಣನೇ ಅಲ್ಲಿನ ಬ್ರಾಹ್ಮಣರಿಗೆ ಮಲ್ಲವಿದ್ಯೆ ಕಲಿಸಿದ ಎಂಬುದು ಅದರ ಕಥೆ. ವರ್ಷದ ಯಾವ ಋತುವಿನಲ್ಲಿ ಏನು ತಿನ್ನಬೇಕು, ಯಾವ ವ್ಯಾಯಾಮ ಮಾಡಬೇಕು ಎಂಬ ವಿವರಗಳೂ ಅಲ್ಲಿವೆ.

ಗುಜರಾತಿನ ನಂಟಿಗೆ ಕಣ್ಣಾರೆ ಕಂಡವರ ಸಾಕ್ಷಿಯೂ ಇದೆ. 1860ರ ದಶಕದಲ್ಲಿ ಖಂಡೇರಾವ್ ಗಾಯಕವಾಡರ ಬರೋಡಾದಲ್ಲಿ ತಂಗಿದ್ದ ಫ್ರೆಂಚ್ ಪ್ರವಾಸಿ ಲೂಯಿ ರೂಸೆಲೆ, ಮುಷ್ಟಿಗೆ ಕೊಂಬಿನ ಉಗುರು ಕಟ್ಟಿಕೊಂಡು ಮೈ ಸೀಳುವ ಕುಸ್ತಿಯನ್ನು ಕಂಡು ಹೇಸಿಕೊಂಡು ಬರೆದಿದ್ದಾನೆ. ಮಹಾರಾಜರಿಗೆ ಅದು ಅಚ್ಚುಮೆಚ್ಚಾಗಿತ್ತು.

ಇಷ್ಟಾದ ಮೇಲೆ ಮೊಢೇರಾಕ್ಕೆ ತೀರ್ಪು ಬರೆದುಬಿಡಬಹುದಿತ್ತು, ‘ಮಾನಸೋಲ್ಲಾಸ’ ಇಲ್ಲದಿದ್ದರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶವದು. ಕಲ್ಯಾಣ ಎಂದರೆ ಠಾಣೆ ಪಕ್ಕದ, ಲೋಕಲ್ ರೈಲಿನ ಕಲ್ಯಾಣವಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದರ ಮಲ್ಲವಿನೋದ ಎಂಬ ಭಾಗದಲ್ಲಿ ಜಟ್ಟಿಗಳ ವರ್ಗಗಳು, ಆಹಾರ, ಅಭ್ಯಾಸ ಎಲ್ಲವೂ ಉಂಟು. ಬಲದಲ್ಲಿ ಮೇಲಿನ ವರ್ಗಕ್ಕೆ ‘ಜ್ಯೇಷ್ಠಿಕ’ ಎಂದೇ ಹೆಸರು.

ಮೊಢೇರಾದಿಂದ ಬಂದವರು ಹೆಸರನ್ನು ದಕ್ಷಿಣಕ್ಕೆ ತಂದರೋ, ದಕ್ಷಿಣದ ಆಸ್ಥಾನಗಳಲ್ಲಿದ್ದ ಬಿರುದನ್ನು ಅವರು ತಮ್ಮದಾಗಿಸಿಕೊಂಡರೋ? ಎರಡಕ್ಕೂ ಆಸ್ಪದವಿದೆ. ನದಿಮೂಲ, ಋಷಿಮೂಲ ಹುಡುಕಬಾರದೆಂದು ಹಿರಿಯರು ಹೇಳಿದ ಪಟ್ಟಿಗೆ ಮಲ್ಲಮೂಲವನ್ನೂ ಸೇರಿಸಬಹುದಿತ್ತು. ಕಾಳಗದ ಸ್ಥಳವನ್ನೇ ಹಿಡಿದರೂ ಅಷ್ಟೇ. 1897ರಲ್ಲಿ ಮರದ ಅರಮನೆ ಸುಟ್ಟು ಈಗಿನದು ಮುಗಿದದ್ದು 1912ರಲ್ಲಿ. ನೋಡುಗರಿಗೆ ಅನಾದಿಯೆನಿಸುವ ಈ ತೊಟ್ಟಿಗೂ ಬ್ಯಾಂಕಾಕ್‌ನ ಮೊದಲ ರಿಂಗಿಗೂ ವಯಸ್ಸಿನಲ್ಲಿ ಹತ್ತೇ ವರ್ಷದ ಅಂತರ.

■ ಚಾಲುಕ್ಯರ ಗರಡಿಯಲ್ಲಿ ಐದು ಶ್ರಮ
‘ಮಾನಸೋಲ್ಲಾಸ’ ಜಟ್ಟಿಗಳಿಗೆ ಹೇಳುವ ಕಸರತ್ತುಗಳು: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ತೋಳಿಗೆ ತೋಳು ಒಡ್ಡುವ ಬಾಹುಪೆಲ್ಲಣಕ ಶ್ರಮ, ಕಂಬಕ್ಕೆ ಏರಿ ಮಾಡುವ ಸ್ತಂಭಶ್ರಮ. ಕೊನೆಯದನ್ನು ಮಲ್ಲಕಂಬದ ಅತಿ ಹಳೆಯ ಉಲ್ಲೇಖ ಎನ್ನುತ್ತಾರೆ. ಮಹಾರಾಷ್ಟ್ರದ ಶಾಲೆ ಶಾಲೆಗಳ ಮೈದಾನಕ್ಕೆ ಮಲ್ಲಕಂಬ ಬಂದದ್ದು ಎರಡನೆಯ ಬಾಜಿರಾವ್ ಪೇಶ್ವೆಯ ಕಾಲದ ಬಾಳಂಭಟ್ಟ ದೇವಧರ್ ಅವರಿಂದ. ಹೆಸರು ಬಂದದ್ದು ಪುಣೆಯಿಂದ, ಉಲ್ಲೇಖ ಇರುವುದು ಬಸವಕಲ್ಯಾಣದಲ್ಲಿ.

ದಾರಿ ಇತ್ತು, ಸರಕು ಗೊತ್ತಿಲ್ಲ

‘ಮುಯ್ ಥಾಯ್ ಕೂಡ ಭಾರತದಿಂದಲೇ ಹೋದದ್ದು’ ಎಂಬ ಮಾತು ಈಗ ಧಾರಾಳವಾಗಿ ಕೇಳಿಬರುತ್ತದೆ. ಇದನ್ನು ಒಂದೇ ಏಟಿಗೆ ತಳ್ಳಿಹಾಕುವಂತಿಲ್ಲ. ಏಕೆಂದರೆ ದಾರಿ ನಿಜಕ್ಕೂ ಇತ್ತು. ಆ ದಾರಿಯಲ್ಲಿ ಕನ್ನಡ ನಾಡಿನ ಹೆಸರೂ ಓಡಾಡಿದೆ.

ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ತಮ್ಮ ಮೂಲನೆಲೆ ಎಂದು ಹೇಳಿಕೊಳ್ಳುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಮಧ್ಯಯುಗದ ದೊಡ್ಡ ವ್ಯಾಪಾರಿ ಸಂಘ. ನಾನಾದೇಶಿ ಎಂಬುದು ಅವರಿಗಿದ್ದ ಇನ್ನೊಂದು ಹೆಸರು. ಸುಮಾತ್ರಾದ ಬರುಸ್ ಬಳಿ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನ ಇದೇ ಐನೂರ್ವರದು. ಹಡಗಿನವರು ಕಟ್ಟಬೇಕಾದ ಸುಂಕ ಅದರ ವಿಷಯ. ಮ್ಯಾನ್ಮಾರಿನ ಪಗಾನ್‌ನಲ್ಲಿ ನಾನಾದೇಶಿಗಳ ವಿಷ್ಣು ದೇಗುಲವೊಂದಿತ್ತೆಂದು ಹದಿಮೂರನೆಯ ಶತಮಾನದ ಇನ್ನೊಂದು ತಮಿಳು ಶಾಸನ ತಿಳಿಸುತ್ತದೆ.

ಥಾಯ್ಲೆಂಡಿನ ತಕುವಾ ಪಾದಲ್ಲಿ ದೊರೆತ ಒಂಬತ್ತನೆಯ ಶತಮಾನದ ಶಾಸನ ಇನ್ನೂ ಕುತೂಹಲಕರ. ಒಂದು ಕೆರೆ ಕಟ್ಟಿಸಿ ಅದನ್ನು ಮಣಿಗ್ರಾಮದ ವರ್ತಕರ ಮತ್ತು ‘ಸೇನಾಮುಖ’ದವರ ರಕ್ಷಣೆಗೆ ಒಪ್ಪಿಸಿದ ದಾಖಲೆ ಅದು. ಸರಕು ಕಾಯಲು ಆಯುಧ ಹಿಡಿದವರು ವರ್ತಕರ ಜೊತೆಗಿರುತ್ತಿದ್ದರು. ಆಯುಧ ಹಿಡಿದವರಿಗೆ ಕೈಕಾಳಗವೂ ಬರುತ್ತಿತ್ತು ಎಂದು ಊಹಿಸಲು ಅಡ್ಡಿಯಿಲ್ಲ. ಆದರೆ ಸುಂಕ, ಕೆರೆ, ದೇಗುಲ, ಮಂಟಪ, ದೀಪಗಳ ಬಗ್ಗೆ ಹೇಳುವ ಈ ಶಾಸನಗಳು ಜಟ್ಟಿಗಳ ಮಾತೆತ್ತುವುದಿಲ್ಲ. ಶಾಸನಗಳನ್ನು ದಾಟಿ ಮುಂದೆ ಹೇಳುವುದೆಲ್ಲ ಊಹೆಯೇ.

ರಾಮಾಯಣ ಹೋದದ್ದಂತೂ ಖಚಿತ. ಕಾಂಬೋಡಿಯಾದ ಬಾಂತೇ ಸ್ರೈ ದೇಗುಲದಲ್ಲಿ ವಾಲಿ ಸುಗ್ರೀವರ ಕಾಳಗದ ಶಿಲ್ಪ ಇದೆ. ಹಳೆಯ ಥಾಯ್ ಪಟ್ಟುಗಳಲ್ಲಿ ಒಂದಕ್ಕೆ ‘ಹನುಮಾನ್ ಥವಾಯ್ ವೇನ್’ ಎಂದು ಹೆಸರು, ಹನುಮಂತ ಉಂಗುರ ಒಪ್ಪಿಸುವ ಭಂಗಿ. ಎರಡೂ ಮುಷ್ಟಿಗಳನ್ನು ಜೋಡಿಸಿ ಕೆಳಗಿನಿಂದ ಎದುರಾಳಿಯ ಗದ್ದಕ್ಕೆ ಎತ್ತಿ ಹೊಡೆಯುವುದು. ಅಶೋಕವನದ ಕಥೆ ಗೊತ್ತಿದ್ದವರಿಗೆ ನಗು ಬರುವಷ್ಟು ಸೊಗಸಾದ ಹೆಸರು. ಸೀತೆಗೆ ಉಂಗುರ ಕೊಟ್ಟ ಕೈ ಇಲ್ಲಿ ದವಡೆ ಮುರಿಯುತ್ತದೆ!

ಹೆಸರು ಭಾರತದ್ದು ಎಂದಾಕ್ಷಣ ಏಟೂ ಭಾರತದ್ದಾಗುವುದಿಲ್ಲ. ಆನೆಗೆ ಐರಾವತ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಸ್ವರ್ಗದಿಂದ ಇಳಿದು ಬಂದದ್ದಲ್ಲ. ವಜ್ರಮುಷ್ಟಿಯನ್ನೇ ತಾಳೆ ನೋಡಿದರೂ ಗುದ್ದು ಇದೆ, ಹಿಡಿತ ಇದೆ, ಬೀಳಿಸುವ ಪಟ್ಟುಗಳಿವೆ. ಮುಯ್ ಥಾಯ್, ಕುನ್ ಖ್ಮೇರ್‌ಗಳ ಜೀವಾಳವಾದ ಕಣಕಾಲಿನ ಬೀಸು ಹೊಡೆತ ಪೇಸ್, ನ್ಯೂನಿಜ್, ಸ್ಕರ್ರಿ, ರೂಸೆಲೆ ಯಾರ ವರ್ಣನೆಯಲ್ಲೂ ಇಲ್ಲ.

■ ಬೋಧಿಧರ್ಮ ಕುಂಗ್ ಫೂ ಕಲಿಸಿದನೇ?
ದಕ್ಷಿಣ ಭಾರತದ ಬೋಧಿಧರ್ಮ ಚೀನಾದ ಶಾವೊಲಿನ್ ಮಠದಲ್ಲಿ ಕಾಳಗ ವಿದ್ಯೆ ಕಲಿಸಿದ ಎಂಬ ಕಥೆಯನ್ನು 2011ರ ತಮಿಳು ಚಿತ್ರ ‘7ಆಮ್ ಅರಿವು’ ಮನೆಮಾತಾಗಿಸಿತು. ಕಥೆಗೆ ಆಧಾರವೆಂದು ತೋರಿಸುವ ‘ಯಿ ಜಿನ್ ಜಿಂಗ್’ ಎಂಬ ಗ್ರಂಥ ಹದಿನೇಳನೆಯ ಶತಮಾನದ್ದು. ಬೋಧಿಧರ್ಮನ ಹೆಸರನ್ನು ಅದಕ್ಕೆ ಆಮೇಲೆ ಅಂಟಿಸಲಾಯಿತು ಎಂದು ಚೀನಾದ ವಿದ್ವಾಂಸರೇ ತೋರಿಸಿದ್ದಾರೆ. ಬೋಧಿಧರ್ಮ ಬಾಳಿದ್ದು ಅದಕ್ಕಿಂತ ಸಾವಿರ ವರ್ಷ ಹಿಂದೆ.

ಪಟ್ಟಿಯಲ್ಲಿ ಯಾರ ಹೆಸರು?

ಜಗಳ ಈಗ ರಿಂಗಿನಿಂದ ಯುನೆಸ್ಕೊ ಕಚೇರಿಗೆ ಹೋಗಿದೆ. 2022ರ ನವೆಂಬರ್‌ನಲ್ಲಿ ಕಾಂಬೋಡಿಯಾದ ಹಳೆಯ ಯುದ್ಧಕಲೆ ‘ಕುನ್ ಲ್ಬೊಕಾಟರ್’ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಕುನ್ ಖ್ಮೇರ್ ಇದರದೇ ಕವಲು ಎಂಬುದು ಖ್ಮೇರರ ನಂಬಿಕೆ. ಹಾಗಾಗಿ ಇದನ್ನು ಮೂಲದ ಪ್ರಶ್ನೆಗೆ ಸಿಕ್ಕ ಅಧಿಕೃತ ಮುದ್ರೆ ಎಂದೇ ಅಲ್ಲಿ ಬಗೆದರು. ಆರು ತಿಂಗಳಲ್ಲಿ ಕ್ರೀಡಾಕೂಟದ ಬಹಿಷ್ಕಾರ ನಡೆಯಿತು.

ಎರಡು ದೇಶಗಳ ನಡುವೆ ಕಾಳಗದ ಹೆಸರೊಂದೇ ತಕರಾರಲ್ಲ. ಪ್ರೆಯಾ ವಿಹಾರ್ ದೇಗುಲ ಕಾಂಬೋಡಿಯಾದ್ದು ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1962ರಲ್ಲಿ ತೀರ್ಪು ಕೊಟ್ಟ ಮೇಲೂ ಗಡಿಯಲ್ಲಿ ನೆಮ್ಮದಿಯಿಲ್ಲ. 2025ರ ಜುಲೈಯಲ್ಲಿ ಗಡಿ ದೇಗುಲಗಳ ಸುತ್ತ ಗುಂಡಿನ ಕಾಳಗವಾಯಿತು. ಡಿಸೆಂಬರ್‌ನಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ಥಾಯ್ಲೆಂಡಿನಲ್ಲಿ ಶುರುವಾದಾಗ ಮತ್ತೆ ಘರ್ಷಣೆ. ಕಾಂಬೋಡಿಯಾ ತನ್ನ ಕ್ರೀಡಾಪಟುಗಳನ್ನು ವಾಪಸು ಕರೆಸಿಕೊಂಡಿತು. ಬಾಕ್ಸಿಂಗ್‌ನ ಹೆಸರಿನ ಹಿಂದೆ ದೇಗುಲಗಳಿವೆ, ನಕ್ಷೆಗಳಿವೆ, ಹಳೆಯ ಸಾಮ್ರಾಜ್ಯದ ನೆನಪುಗಳಿವೆ. ಅದಕ್ಕೇ ಅದು ಇಷ್ಟು ಬಿಸಿ.

ಯುನೆಸ್ಕೊ ಮಾತ್ರ ಯಾರು ಮೊದಲು ಎಂಬ ಪಂಚಾಯಿತಿಗೆ ಕೂರುವುದಿಲ್ಲ. 2003ರ ಒಪ್ಪಂದದ ಪ್ರಕಾರ ಪಟ್ಟಿಗೆ ಸೇರಿಸುವುದೆಂದರೆ ಒಂದು ಸಮುದಾಯ ಆ ಕಲೆಯನ್ನು ತನ್ನದೆಂದು ಬಾಳಿಸುತ್ತಿದೆ ಎಂದು ಗುರುತಿಸುವುದು. ಒಡೆತನದ ಹಕ್ಕುಪತ್ರ ಅದಲ್ಲ. ಪೈಪೋಟಿಯ ಇನ್ನೊಂದು ಯುದ್ಧಕಲೆಯಾದ ಸಿಲಾಟ್ ವಿಷಯದಲ್ಲಿ 2019ರ ಡಿಸೆಂಬರ್‌ನಲ್ಲಿ ನಡೆದದ್ದೂ ಹಾಗೆಯೇ. ಕೊಲಂಬಿಯಾದ ಬೊಗೊಟಾದಲ್ಲಿ ಸೇರಿದ ಸಮಿತಿ ಮಲೇಷ್ಯಾದ ‘ಸಿಲಾಟ್’ ಮತ್ತು ಇಂಡೊನೇಷ್ಯಾದ ‘ಪೆಂಚಾಕ್ ಸಿಲಾಟ್’ ಎರಡನ್ನೂ ಒಂದೇ ಅಧಿವೇಶನದಲ್ಲಿ, ಬೇರೆ ಬೇರೆ ಅರ್ಜಿಗಳ ಮೇಲೆ, ಪಟ್ಟಿಗೆ ಸೇರಿಸಿತು.